ಕೌಸ್‌ನಲ್ಲಿ ಒಂದು ವಾರ, ಅತ್ತೆ ಮಾವನ ಜೊತೆ, ಅಡುಗೆ ನಮ್ಮದೇ: ಹೋಗಬಹುದಾ?

ಸಾಗರದ ಸೊಸೆ · ಮಾರ್ಚ್ 8

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ರೀಡಿಂಗ್ ಊರಿನಲ್ಲಿ. ಜುಲೈ ಕೊನೆಗೆ ಅತ್ತೆ ಮಾವ ಸಾಗರದಿಂದ ಬರುತ್ತಿದ್ದಾರೆ. ಹೋದ ಸಲ ಬಂದಾಗ ಲಂಡನ್, ಬಾತ್, ಸ್ಟೋನ್‌ಹೆಂಜ್ ಎಲ್ಲ ಸುತ್ತಿಸಿ ಆಗಿದೆ. ಸ್ಟೋನ್‌ಹೆಂಜ್‌ನ ಹಳೆಯ ನಿಲುವುಗಲ್ಲುಗಳನ್ನು ನೋಡಿ ಮಾವ "ಇದಕ್ಕೂ ಟಿಕೆಟ್ಟಾ?" ಎಂದಿದ್ದರು. ಈ ಸಲ ಓಡಾಟ ಬೇಡ, ಒಂದೇ ಕಡೆ ಒಂದು ವಾರ ಸುಮ್ನೆ ಇದ್ದು ಬರೋಣ ಅಂತ ನಮ್ಮವರ ಆಸೆ.

ಇಲ್ಲಿನ ದಕ್ಷಿಣ ತೀರದ ಎದುರಿಗಿರುವ ಐಲ್ ಆಫ್ ವೈಟ್ ದ್ವೀಪದ ಕೌಸ್ ಊರಿನಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ನೋಡಿದ್ದೇವೆ. ಶುಕ್ರವಾರದಿಂದ ಶುಕ್ರವಾರದವರೆಗೆ. ಊಟ ತಿಂಡಿ ಕೊಡುವುದಿಲ್ಲ, ಅಡುಗೆಮನೆ ಇದೆ, ನಾವೇ ಮಾಡಿಕೊಳ್ಳಬೇಕು. ನಮಗೆ ಬೇಕಾಗಿರುವುದೂ ಅದೇ. ಅತ್ತೆ ಹೊರಗಡೆ ತಿನ್ನುವುದಿಲ್ಲ. ಮಾವ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಮಗಳಿಗೆ 10, ಮಗನಿಗೆ 5.

ಒಂದು ಅರ್ಥವಾಗಲಿಲ್ಲ. ಆಗಸ್ಟ್ ಮೊದಲ ವಾರಕ್ಕೆ ಬಾಡಿಗೆ ಹೆಚ್ಚುಕಮ್ಮಿ ಎರಡರಷ್ಟು ಹೇಳುತ್ತಿದ್ದಾರೆ. ಯಾಕೆ? ಅಲ್ಲಿ ಉಳಿದುಕೊಂಡವರು ಯಾರಾದರೂ ಇದ್ದೀರಾ? ಕಾರು ಒಯ್ಯಬೇಕಾ, ರೈಲು ಸಾಕಾ? ಮಾವನಿಗೆ ಮಂಡಿನೋವು ಇದೆ.

ಹೊನ್ನಾವರದ ಹಾಯಿ · ಮಾರ್ಚ್ 8

ಮೇಡಂ, ನೀವು ನೋಡಿದ್ದು ಕೌಸ್ ವೀಕ್‌ನ ಬಾಡಿಗೆ. 1826ರಲ್ಲಿ ಏಳು ಹಾಯಿದೋಣಿಗಳಿಂದ ಶುರುವಾದ ಪಂದ್ಯ. ಈಗ ನೂರಾರು ದೋಣಿ ಬರುತ್ತವೆ. ಆ ವಾರ ಅಲ್ಲಿ ರೂಮು ಕೇಳುವುದು ಶಿರಸಿ ಜಾತ್ರೆಯಲ್ಲಿ ರೂಮು ಕೇಳಿದ ಹಾಗೆ.

ಊರಿನ ತುದಿಯಲ್ಲಿ, ನೀರಿನ ಅಂಚಿಗೆ, 8ನೇ ಹೆನ್ರಿ ದೊರೆ ಕಟ್ಟಿಸಿದ ಚಿಕ್ಕ ಕೋಟೆ ಇದೆ. ಈಗ ಅದು ರಾಯಲ್ ಯಾಟ್ ಸ್ಕ್ವಾಡ್ರನ್ ಎಂಬ ಕ್ಲಬ್ಬಿನ ಮನೆ. ಅದರ ಮುಂದೆ 22 ಪುಟ್ಟ ಹಿತ್ತಾಳೆ ಫಿರಂಗಿ ಸಾಲಾಗಿ ನಿಂತಿವೆ. ಪಂದ್ಯ ಶುರುವಾಗುವುದು ಆ ಫಿರಂಗಿ ಸದ್ದಿಗೆ. ಒಂದೊಂದು ಜಾತಿಯ ದೋಣಿಗೆ ಒಂದೊಂದು ಸಲ. ಬೆಳಿಗ್ಗೆಯಿಡೀ ಡಂ, ಡಂ. ದೋಣಿ ಹುಚ್ಚು ಇರುವವರಿಗೆ ಅದು ಸ್ವರ್ಗ. ಮಧ್ಯಾಹ್ನ ಒಂದು ನಿದ್ದೆ ತೆಗೆಯುವ ಹಿರಿಯರಿಗೆ ಅಲ್ಲ.

ಅದರ ಮುಂದಿನ ವಾರ ಹೋಗಿ. ದೋಣಿಗಳು ಆಗಲೂ ಇರುತ್ತವೆ, ಜನ ಇರುವುದಿಲ್ಲ. ನಾನು ಸೌತಾಂಪ್ಟನ್‌ನಲ್ಲಿ ಹಡಗಿನ ಎಂಜಿನ್ ಕೆಲಸದಲ್ಲಿ 14 ವರ್ಷ ಇದ್ದವನು. ಎದುರು ದಡದ ಈ ಊರಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ.

ಪೋರ್ಟ್ಸ್‌ಮೌತ್ ಪಾಪಣ್ಣ · ಮಾರ್ಚ್ 8

ಅಕ್ಕ, ಐದು ವರ್ಷದ ಮಗ ಇದ್ದಾನೆ ಅಂತೀರಿ, ಕೌಸ್ ಯಾಕೆ? ಅಲ್ಲಿ ಮರಳೇ ಇಲ್ಲ, ಬರೀ ಬೆಣಚು ಕಲ್ಲು. ರೈಡ್, ಸ್ಯಾಂಡೌನ್, ಶಾಂಕ್ಲಿನ್ ಇವು ಮರಳಿನ ಊರುಗಳು. ಮಗುವಿಗೆ ಬಕೆಟ್ಟು ಗುದ್ದಲಿ ಕೊಟ್ಟು ಕೂರಿಸಿದರೆ ದಿನ ಕಳೆಯಿತು. ನಾವು ಎರಡು ಸಲ ಹೋಗಿದ್ದೇವೆ, ಎರಡು ಸಲವೂ ಶಾಂಕ್ಲಿನ್.

ಹೋಗುವುದಾದರೆ ಪೋರ್ಟ್ಸ್‌ಮೌತ್‌ನ ಸೌತ್‌ಸಿಯಿಂದ ಹೋವರ್‌ಕ್ರಾಫ್ಟ್, ಅಂದರೆ ಗಾಳಿಯ ಮೆತ್ತೆಯ ಮೇಲೆ ತೇಲಿ ಓಡುವ ಯಂತ್ರ, ಹತ್ತಿ. ಹತ್ತೇ ನಿಮಿಷ, ರೈಡ್ ತಲುಪಿಸುತ್ತದೆ. ಮಗ ಜನ್ಮದಲ್ಲಿ ಮರೆಯುವುದಿಲ್ಲ.

ಹೊನ್ನಾವರದ ಹಾಯಿ · ಮಾರ್ಚ್ 9

ಪಾಪಣ್ಣ ಹೇಳಿದ್ದು ಸರಿ, ಕೌಸ್‌ನಲ್ಲಿ ಮರಳಿಲ್ಲ. ಆದರೆ ಹೋವರ್‌ಕ್ರಾಫ್ಟ್ ಹೊಗಳುವವರು ಒಂದು ತಿಳಿದಿರಲಿ. ಅದು ಹುಟ್ಟಿದ್ದೇ ಕೌಸ್‌ನ ಎದುರು, ನದಿಯಾಚೆಯ ಈಸ್ಟ್ ಕೌಸ್‌ನಲ್ಲಿ. 1959ರಲ್ಲಿ ಎಸ್‌ಆರ್-ಎನ್1 ಎಂಬ ಮೊದಲ ಯಂತ್ರವನ್ನು ಸಾಂಡರ್ಸ್-ರೋ ಕಂಪನಿ ಅಲ್ಲೇ ಕಟ್ಟಿತು. ಅದೇ ವರ್ಷ ಜುಲೈನಲ್ಲಿ ಅದು ಇಂಗ್ಲಿಷ್ ಕಾಲುವೆ ದಾಟಿತು.

ಮೇಡಂ ಕೇಳಿದ್ದು ಸುಮ್ನೆ ಇದ್ದು ಬರುವ ಜಾಗ. ಅದಕ್ಕೆ ಕೌಸ್‌ಗಿಂತ ಒಳ್ಳೆಯದಿಲ್ಲ. ಪ್ರಿನ್ಸಸ್ ಗ್ರೀನ್ ಅಂತ ಕಡಲ ಪಕ್ಕ ಒಂದು ಹುಲ್ಲುಹಾಸು ಇದೆ, ಬೆಂಚುಗಳಿವೆ. ಸೌತಾಂಪ್ಟನ್‌ಗೆ ಹೋಗಿಬರುವ ದೊಡ್ಡ ಹಡಗುಗಳೆಲ್ಲ ಅದರ ಎದುರೇ ಹಾಯುತ್ತವೆ. ನಡುನೀರಿನಲ್ಲಿ ಬ್ರಾಂಬಲ್ ಬ್ಯಾಂಕ್ ಎಂಬ ಮರಳದಿಣ್ಣೆ ಇರುವುದರಿಂದ ಆಳದ ದಾರಿ ಕೌಸ್ ಕಡೆಗೆ ಬಾಗುತ್ತದೆ. ಹಡಗು ಅಲ್ಲಿ ತಿರುಗುವಾಗ ನೇರ ನಮ್ಮ ಬೆಂಚಿಗೇ ಬರುತ್ತಿದೆಯೇನೋ ಅನ್ನಿಸುತ್ತದೆ. ಹತ್ತು ಹನ್ನೆರಡು ಮಹಡಿಯ ಕಟ್ಟಡ ನಿಧಾನಕ್ಕೆ ಮಗ್ಗಲು ಬದಲಿಸಿದ ಹಾಗೆ. 1912ರಲ್ಲಿ ಟೈಟಾನಿಕ್ ಹೋದದ್ದೂ ಇದೇ ನೀರಿನಲ್ಲಿ.

ಆ ಮರಳದಿಣ್ಣೆಯ ಬಗ್ಗೆ ಇನ್ನೊಂದು. ವರ್ಷಕ್ಕೊಮ್ಮೆ ನೀರು ತೀರಾ ಇಳಿದಾಗ ಅದು ಸ್ವಲ್ಪ ಹೊತ್ತು ಮೇಲೆ ಕಾಣುತ್ತದೆ. ಆಗ ಎರಡು ದೋಣಿ ಕ್ಲಬ್ಬಿನವರು ಅಲ್ಲಿಗೆ ಹೋಗಿ, ಕಾಲು ಮುಳುಗುವ ನೀರಿನಲ್ಲಿ, ಬಿಳಿ ಬಟ್ಟೆ ಹಾಕಿಕೊಂಡು ಕ್ರಿಕೆಟ್ ಆಡುತ್ತಾರೆ. ನೀರು ಏರಿದರೆ ಆಟ ಮುಗಿಯಿತು. ಗೆಲ್ಲುವವರು ಯಾರು ಅಂತ ಮೊದಲೇ ತೀರ್ಮಾನ ಆಗಿರುತ್ತದೆ, ವರ್ಷಕ್ಕೊಬ್ಬರ ಸರದಿ. ಇಂಥ ಹುಚ್ಚು ಬ್ರಿಟಿಷರಿಗೇ ಸೈ.

ಮುಂದಿನ ತಿಂಗಳು ಲಂಡನ್ · ಮಾರ್ಚ್ 9

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ದ್ವೀಪಕ್ಕೆ ಬೇರೆ ವೀಸಾ ಬೇಕಾ?

ಪೋರ್ಟ್ಸ್‌ಮೌತ್ ಪಾಪಣ್ಣ · ಮಾರ್ಚ್ 9

ಬೇಡ ಸ್ವಾಮಿ. ಅದು ಇಂಗ್ಲೆಂಡಿನದೇ ಒಂದು ಕೌಂಟಿ. ದೋಣಿ ಟಿಕೆಟ್ಟಿನ ದುಡ್ಡು ನೋಡಿದರೆ ಮಾತ್ರ ಪರದೇಶ ಅನ್ನಿಸುತ್ತದೆ.

ಒಗ್ಗರಣೆ ಡಬ್ಬಿ · ಮಾರ್ಚ್ 10

ಗಂಡಸರು ಹಡಗು, ಫಿರಂಗಿ ಅಂತ ಕೂತರು. ಅಡುಗೆಮನೆಯ ಮಾತು ಯಾರೂ ಎತ್ತಲೇ ಇಲ್ಲ. ನಾನು ಹೇಳುತ್ತೇನೆ ಕೇಳಿ. ಇಂಥ ಬಾಡಿಗೆ ಮನೆಗಳಲ್ಲಿ ಎಂಟು ಬೇಸಿಗೆ ಅಡುಗೆ ಮಾಡಿದವಳು ನಾನು. ವೇಲ್ಸ್, ಕಾರ್ನ್‌ವಾಲ್, ಎರಡು ಸಲ ಈ ದ್ವೀಪ.

ಮೊದಲ ಪ್ರಶ್ನೆ ಒಲೆಯದು. ಫೋಟೋದಲ್ಲಿ ಕಪ್ಪು ಗಾಜಿನ ಹಲಗೆ ಕಂಡರೆ ಇಂಡಕ್ಷನ್ನಾ, ಸಾದಾ ಕರೆಂಟಿನದಾ ಅಂತ ಮನೆಯವರಿಗೆ ಬರೆದು ಕೇಳಿ. ಇಂಡಕ್ಷನ್ ಆದರೆ ಊರಿಂದ ತಂದ ಅಲ್ಯುಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ಆಯಸ್ಕಾಂತ ಹಿಡಿಯುವ ತಳ ಬೇಕು. ನಾನು ಮೊದಲ ಸಲ ಇದು ಗೊತ್ತಿಲ್ಲದೆ ಹೋಗಿ, ತೊಗರಿಬೇಳೆಯನ್ನು ಬಾಣಲೆಯಲ್ಲಿ ಒಂದೂವರೆ ಗಂಟೆ ಬೇಯಿಸಿದ್ದೆ. ಬೇಳೆ ಬೆಂದಿತು, ನಾನೂ ಬೆಂದೆ.

ಎರಡನೆಯದು ಹೊಗೆ ಅಲಾರಂ. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಬೀಳುವ ಹೊತ್ತಿಗೆ ಸರಿಯಾಗಿ ಅದು ಕೂಗುತ್ತದೆ. ಅದಕ್ಕೆ ಬಟ್ಟೆ ಸುತ್ತುವುದು, ಬ್ಯಾಟರಿ ತೆಗೆಯುವುದು ಖಂಡಿತ ಬೇಡ. ಕಿಟಕಿ ತೆಗೆಯಿರಿ, ಫ್ಯಾನ್ ಹಾಕಿ, ಹಜಾರದ ಕಡೆಯ ಬಾಗಿಲು ಮುಚ್ಚಿ. ಇಲ್ಲವೇ ಮನೆಯಲ್ಲೇ ಒಗ್ಗರಣೆ ಮಾಡಿ, ಆರಿಸಿ, ಬಾಟಲಿಗೆ ತುಂಬಿಕೊಂಡು ಹೋಗಿ. ಆರಿದ ಒಗ್ಗರಣೆಗೆ ಚುಂಯ್ ಅನ್ನುವ ಸದ್ದಿಲ್ಲ, ಅದೊಂದು ಕೊರತೆ. ರುಚಿಗೆ ಮೋಸವಿಲ್ಲ.

ಮೂರನೆಯದು ಅರಿಶಿನ. ಇಲ್ಲಿನವರಿಗೆ ಅಡುಗೆಮನೆಯ ಕಟ್ಟೆ ಬೆಳ್ಳಗಿರಬೇಕು. ಒಂದು ಊರಲ್ಲಿ, ಯಾವುದು ಅಂತ ಹೇಳುವುದಿಲ್ಲ, ಅಂಗೈಯಗಲ ಹಳದಿ ಕಲೆಗೆ ಮಾಲೀಕರು ನಮ್ಮ ಮುಂಗಡದಲ್ಲಿ 60 ಪೌಂಡ್ ಹಿಡಿದುಕೊಂಡರು. ಆಮೇಲಿಂದ ನಾನು ಹಳೇ ಪ್ಲಾಸ್ಟಿಕ್ ಹಾಳೆ ಒಂದನ್ನು ಕಟ್ಟೆಗೆ ಹಾಸಿಯೇ ಡಬ್ಬಿ ತೆಗೆಯುವುದು.

ಚಾಕು ಮನೆಯಿಂದಲೇ ತನ್ನಿ. ಅಲ್ಲಿ ಇಟ್ಟಿರುವ ಚಾಕುವಿನಲ್ಲಿ ಬೆಣ್ಣೆ ಕೊಯ್ಯಬಹುದು, ಬೀನ್ಸ್ ಹೆಚ್ಚಲಾಗದು. ಕರಿಬೇವು, ಇಂಗು, ಹುಣಸೆ, ಸಾರಿನ ಪುಡಿ, ಉಪ್ಪಿನಕಾಯಿ, ತುರಿದ ಫ್ರೋಜನ್ ಕಾಯಿ ಇವು ಐಸ್ ಡಬ್ಬಿಯಲ್ಲೋ ಚೀಲದಲ್ಲೋ ಜೊತೆಗೇ ಬರಲಿ. ದೋಸೆಹಿಟ್ಟು ಒಯ್ದರೆ ಮುಚ್ಚಳ ಬಿಗಿಯಾಗಿ ಹಾಕಬೇಡಿ, ಕಾರಿನಲ್ಲಿ ಉಬ್ಬುತ್ತದೆ. ಅಕ್ಕಿ, ಹಾಲು, ಮೊಸರು, ತರಕಾರಿಗೆ ಚಿಂತೆಯಿಲ್ಲ. ಈಸ್ಟ್ ಕೌಸ್‌ನಲ್ಲಿ ದೋಣಿ ಇಳಿದ ಕೂಡಲೇ ವೇಟ್‌ರೋಸ್ ಸೂಪರ್‌ಮಾರ್ಕೆಟ್ ಇದೆ, ನ್ಯೂಪೋರ್ಟ್‌ಗೆ ಹೋದರೆ ಸೇನ್ಸ್‌ಬರೀಸ್, ಮಾರಿಸನ್ಸ್.

ಒಂದೇ ಒಂದನ್ನು ಅಲ್ಲೇ ಕೊಳ್ಳಿ: ಟೊಮೆಟೊ. ಆ ದ್ವೀಪಕ್ಕೆ ಇಂಗ್ಲೆಂಡಿನಲ್ಲಿ ಬಿಸಿಲು ಜಾಸ್ತಿ. ಆರಟನ್ ಕಣಿವೆಯ ಟೊಮೆಟೊಗೆ ಹೆಸರಿದೆ. ಬೆಳ್ಳುಳ್ಳಿಗೂ ಹೆಸರು, ನ್ಯೂಚರ್ಚ್‌ನಲ್ಲಿ ದೊಡ್ಡ ಬೆಳ್ಳುಳ್ಳಿ ತೋಟವೇ ಇದೆ, ಬೆಳ್ಳುಳ್ಳಿ ಐಸ್‌ಕ್ರೀಂ ಮಾರುತ್ತಾರೆ. ನಿಮ್ಮ ಮಾವನವರನ್ನು ಆ ಕಡೆ ಕರೆದುಕೊಂಡು ಹೋಗಬೇಡಿ ಪಾಪ.

ಸಾಗರದ ಸೊಸೆ · ಮಾರ್ಚ್ 10

ಅಕ್ಕ, ಇದನ್ನು ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದೆ. ಒಲೆ ಇಂಡಕ್ಷನ್ ಅಂತೆ, ಕೇಳಿದ್ದು ಒಳ್ಳೆಯದಾಯಿತು. ಕೌಸ್ ವೀಕ್ ಮುಗಿದ ಮಾರನೆಯ ವಾರಕ್ಕೆ ಬುಕ್ ಮಾಡಿದ್ದೇವೆ. ಫ್ಲಾಟಿನಿಂದ ಸಮುದ್ರ ಕಾಣುತ್ತದೆ ಅಂತ ಬರೆದಿದ್ದಾರೆ. ಕೀಲಿ ಸಂಜೆ 4ಕ್ಕೆ ಕೊಡುತ್ತಾರೆ, ನಮ್ಮ ದೋಣಿ 11ಕ್ಕೇ ತಲುಪುತ್ತದೆ. ಅಲ್ಲಿಯವರೆಗೆ ಹಿರಿಯರನ್ನು ಕಟ್ಟಿಕೊಂಡು ಎಲ್ಲಿ ಅಲೆಯುವುದು?

ಹೊನ್ನಾವರದ ಹಾಯಿ · ಮಾರ್ಚ್ 10

ಸಮುದ್ರ ಕಾಣುತ್ತದೆ ಅಂದರೆ ಎಚ್ಚರ. ಕೌಸ್ ನೀರಿನಂಚಿನಿಂದ ಸಟ್ಟನೆ ಏರುವ ಊರು. ಕಾಣಬೇಕಾದರೆ ಮನೆ ಮೇಲಿರಬೇಕು, ಮನೆ ಮೇಲಿದ್ದರೆ ಏರು ಹತ್ತಬೇಕು. ಮಂಡಿನೋವಿಗೆ ಕೆಳಗಿನ ಹೈ ಸ್ಟ್ರೀಟ್ ಹತ್ತಿರದ ಮನೆಯೇ ವಾಸಿ. ಅಲ್ಲಿ ಕಾರು ನಿಲ್ಲಿಸಲು ಕಷ್ಟ, ಅದು ಬೇರೆ ಮಾತು.

ಕೊಡಗಿನ ಕಿತ್ತಳೆ · ಮಾರ್ಚ್ 11

ಕೀಲಿ ಸಿಗುವವರೆಗೆ ಎಲ್ಲಿ ಹೋಗುವುದು ಅಂದಿರಲ್ಲ, ಆಸ್ಬರ್ನ್ ಹೌಸ್‌ಗೆ ಹೋಗಿ. ಕಾರಿನ ದೋಣಿ ಈಸ್ಟ್ ಕೌಸ್‌ನಲ್ಲಿ ಇಳಿಸುತ್ತದೆ, ಅಲ್ಲಿಂದ ಐದಾರು ನಿಮಿಷ. ವಿಕ್ಟೋರಿಯಾ ರಾಣಿಯ ಬೇಸಿಗೆ ಮನೆ. ಆಕೆ 1901ರಲ್ಲಿ ತೀರಿಕೊಂಡದ್ದೂ ಅಲ್ಲೇ. ಒಳಗೆ ದರ್ಬಾರ್ ರೂಮ್ ಅಂತ ಊಟದ ಹಜಾರ ಇದೆ, ಪಂಜಾಬಿನ ಭಾಯಿ ರಾಮ್ ಸಿಂಗ್ ಮಾಡಿದ ಕೆಲಸ. ಅಗ್ಗಿಷ್ಟಿಕೆಯ ಮೇಲೆ ದೊಡ್ಡ ನವಿಲು. ಅಬ್ದುಲ್ ಕರೀಮ್ ರಾಣಿಗೆ ಹಿಂದೂಸ್ತಾನಿ ಕಲಿಸಿದ ಕಥೆ ಎಲ್ಲರಿಗೂ ಗೊತ್ತು. ಗೈಡ್‌ಗಳೂ ಅದನ್ನೇ ಹೇಳುತ್ತಾರೆ.

ನಾನು ಹೇಳಬೇಕೆಂದಿರುವುದು ಬೇರೆ. ಆ ಮನೆಯಲ್ಲಿ ನಮ್ಮ ಹುಡುಗಿ ಒಬ್ಬಳಿದ್ದಾಳೆ. ಗೌರಮ್ಮ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು. 1834ರಲ್ಲಿ ಕಂಪನಿಯವರು ಅರಸನನ್ನು ಇಳಿಸಿ ಕಾಶಿಗೆ ಕಳುಹಿಸಿದರು. ಗೌರಮ್ಮ ಹುಟ್ಟಿದ್ದು ಅಲ್ಲಿ, 1841ರಲ್ಲಿ. 1852ರಲ್ಲಿ ಅಪ್ಪ ಅವಳನ್ನು ಇಂಗ್ಲೆಂಡಿಗೆ ಕರೆತಂದ. ಕಿತ್ತುಕೊಂಡ ಆಸ್ತಿಗಾಗಿ ಇಲ್ಲಿ ದಾವೆ ಹೂಡುವುದು ಅವನ ಲೆಕ್ಕಾಚಾರ. ಮಗಳಿಗೆ ಕ್ರೈಸ್ತ ದೀಕ್ಷೆ ಆಯಿತು, ರಾಣಿಯೇ ಧರ್ಮತಾಯಿಯಾಗಿ ನಿಂತಳು, ತನ್ನ ಹೆಸರನ್ನೂ ಕೊಟ್ಟಳು: ವಿಕ್ಟೋರಿಯಾ ಗೌರಮ್ಮ. ಆಗ ಅವಳಿಗೆ 11 ವರ್ಷ. ಆಮೇಲೆ ಅವಳನ್ನು ಬೆಳೆಸಿದ್ದು ಪರರು. ತನಗಿಂತ ಬಹಳ ದೊಡ್ಡವನಾದ ಒಬ್ಬ ಕರ್ನಲ್ ಜೊತೆ ಮದುವೆ. 1864ರಲ್ಲಿ, ಇನ್ನೂ 22-23ರಲ್ಲಿ, ಹೋಗಿಬಿಟ್ಟಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದ್ದಾಳೆ.

ಮರೊಕೆಟ್ಟಿ ಎಂಬ ಶಿಲ್ಪಿ ಕೆತ್ತಿದ ಅವಳ ಅಮೃತಶಿಲೆಯ ಪ್ರತಿಮೆ ಆಸ್ಬರ್ನ್‌ನಲ್ಲಿದೆ. ಹುಡುಕಿ ನೋಡಿ. ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್ ಚಿತ್ರದ ಮುಂದೆ ಜನ ನಿಲ್ಲುತ್ತಾರೆ. ಇವಳ ಮುಂದೆ ನಾನು ಹೋದಾಗ ಯಾರೂ ನಿಲ್ಲಲಿಲ್ಲ. ನಾನೊಬ್ಬಳೇ ನಿಂತು ಕೊಡವದಲ್ಲಿ ಎರಡು ಮಾತಾಡಿಸಿ ಬಂದೆ. ನಗಬೇಡಿ.

ಅಂದಹಾಗೆ ಆ ಮನೆ ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯದು. ನಿಮ್ಮ ಅತ್ತೆ ಮಾವ ಪರದೇಶದವರು, ಅವರಿಗೆ 9 ದಿನದ ಪ್ರವಾಸಿ ಪಾಸ್ ಸಿಗುತ್ತದೆ, ಎರಡು ಮೂರು ಜಾಗ ನೋಡುವುದಿದ್ದರೆ ಅದು ಅಗ್ಗ.

ಹೊನ್ನಾವರದ ಹಾಯಿ · ಮಾರ್ಚ್ 11

ಇಷ್ಟು ವರ್ಷ ಎದುರು ದಡದಲ್ಲಿದ್ದೆ. ಇದು ನನಗೆ ಗೊತ್ತೇ ಇರಲಿಲ್ಲ.

ಪೋರ್ಟ್ಸ್‌ಮೌತ್ ಪಾಪಣ್ಣ · ಮಾರ್ಚ್ 12

ನಗುವುದಿಲ್ಲ ಕಿತ್ತಳೆಯವರೇ. ಶಾಂಕ್ಲಿನ್ ಬಿಟ್ಟು ಒಂದು ದಿನ ಆ ಕಡೆ ಹೋಗುತ್ತೇನೆ.

ಆದರೆ ಸೊಸೆಯಕ್ಕ, ದೋಣಿ ಟಿಕೆಟ್ಟಿನ ಮಾತು ಗಂಭೀರವಾಗಿಯೇ ಹೇಳುತ್ತಿದ್ದೇನೆ. ದರ ವಿಮಾನದ ಹಾಗೆ, ದಿನಕ್ಕೊಂದು ಹೊತ್ತಿಗೊಂದು. ಆಗಸ್ಟ್ ಶುಕ್ರವಾರ ಕಾರು ದಾಟಿಸುವುದು ಎಲ್ಲಕ್ಕಿಂತ ದುಬಾರಿ. ಬಾಡಿಗೆ ಬುಕ್ ಮಾಡುವ ಮುಂಚೆ ದೋಣಿ ದರ ನೋಡಬೇಕು. ನಾವು ಮೊದಲ ಸಲ ತಿರುಗಾಮುರುಗಾ ಮಾಡಿ ಬಾಯಿ ಸುಟ್ಟುಕೊಂಡೆವು. ರೈಲಿನಲ್ಲಿ ಸೌತಾಂಪ್ಟನ್‌ಗೆ ಬಂದು, ಕಾಲ್ನಡಿಗೆಯವರ ರೆಡ್ ಜೆಟ್ ದೋಣಿ ಹತ್ತಿದರೆ ಅರ್ಧ ಗಂಟೆಯೊಳಗೆ ನೇರ ಕೌಸ್ ಪೇಟೆಯಲ್ಲೇ ಇಳಿಯಬಹುದು. ಆದರೆ ಕುಕ್ಕರ್, ಮಿಕ್ಸಿ, ದೋಸೆಹಿಟ್ಟು ಹೊತ್ತುಕೊಂಡಾ?

ಒಗ್ಗರಣೆ ಡಬ್ಬಿ · ಮಾರ್ಚ್ 12

ಕಾರು. ಎರಡು ಮಾತಿಲ್ಲ.

ಸಾಗರದ ಸೊಸೆ · ಆಗಸ್ಟ್ 19

ಹೋಗಿ ಬಂದೆವು! ವರದಿ ಒಪ್ಪಿಸುತ್ತೇನೆ. ಸ್ವಲ್ಪ ಉದ್ದ ಇದೆ.

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಫ್ಲಾಟ್ ಏರಿನ ಮೇಲೇ ಇತ್ತು. ಹಾಯಿ ಸರ್ ಹೇಳುವ ಹೊತ್ತಿಗೆ ದುಡ್ಡು ಕಟ್ಟಿಯಾಗಿತ್ತು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೊದಲ ದಿನ ಮಾವ ಮೆಟ್ಟಿಲು ಹತ್ತಿ ಮೇಲೆ ಬಂದು, ಕಿಟಕಿಯಲ್ಲಿ ನೋಡಿ, "ಸಮುದ್ರ ಕಂಡಿತು. ಇನ್ನು ಶುಕ್ರವಾರದವರೆಗೆ ಇಳಿಯುವುದಿಲ್ಲ" ಎಂದು ಕುರ್ಚಿ ಎಳೆದುಕೊಂಡರು. ಮಾರನೆಯ ದಿನದಿಂದ ನಮ್ಮವರು ಬೆಳಿಗ್ಗೆ ಅವರನ್ನು ಕಾರಿನಲ್ಲಿ ಪ್ರಿನ್ಸಸ್ ಗ್ರೀನ್‌ಗೆ ಇಳಿಸುವುದು, ಊಟಕ್ಕೆ ಕರೆತರುವುದು, ಹೀಗೆ ಒಂದು ಪದ್ಧತಿ ಆಯಿತು. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಅವಲಕ್ಕಿ. ಮೂರನೇ ದಿನ ಯಾವ ಹಡಗು ಎಷ್ಟು ಹೊತ್ತಿಗೆ ಹೊರಡುತ್ತದೆ ಅಂತ ಅವರಿಗೆ ಬಾಯಿಪಾಠ. ಅಲ್ಲಿ ಇನ್ನೊಬ್ಬ ಅಜ್ಜ ದಿನಾ ಬಂದು ಕೂರುತ್ತಿದ್ದರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ದುರ್ಬೀನು ಮಾತ್ರ ಆಚೆಗೂ ಈಚೆಗೂ ಹೋಗುತ್ತಿತ್ತು.

ಊರಿನ ಹೆಸರಿಗೆ ಹಸುಗಳು ಎಂದು ಅರ್ಥ ಹೇಗೆ ಬಂತು ಅಂತ ಮಗಳು ಕೇಳಿದಳು. ಹಿಂದೆ ನದೀಬಾಯಿಯಲ್ಲಿದ್ದ ಎರಡು ಮರಳದಿಣ್ಣೆಗೆ ಹಸು ಅನ್ನುತ್ತಿದ್ದರಂತೆ. ಅದಕ್ಕೆ ಮಾವ: "ಗೋಕರ್ಣ ನಮ್ಮ ಮನೆಯಿಂದ ಮೂರು ಗಂಟೆ ದಾರಿ. ಅದನ್ನು ಬಿಟ್ಟು ಗೋವಿನ ಊರು ನೋಡಲು ಸಮುದ್ರ ಹಾರಿಸಿದಿರಿ."

ಈ ಎಲ್ಲಕ್ಕಿಂತ ಅವರಿಗೆ ಹಿಡಿಸಿದ್ದು ಕೌಸ್‌ಗೂ ಈಸ್ಟ್ ಕೌಸ್‌ಗೂ ನಡುವೆ ಮೆಡೀನಾ ನದಿ ದಾಟಿಸುವ ಸರಪಳಿ ದೋಣಿ. ಇಲ್ಲಿ ಅದಕ್ಕೆ ತೇಲುವ ಸೇತುವೆ ಅನ್ನುತ್ತಾರೆ. ನದಿಯ ತಳದಲ್ಲಿ ಎರಡು ಸರಪಳಿ ಬಿದ್ದಿವೆ, ಎರಡು ದಡಕ್ಕೂ ಬಿಗಿದಿದ್ದಾರೆ. ದೋಣಿ ಅದನ್ನೇ ಹಿಡಿದು ತನ್ನನ್ನು ತಾನು ಎಳೆದುಕೊಂಡು ಹೋಗುತ್ತದೆ. ಕಾರು, ಜನ, ಸೈಕಲ್ಲು ಎಲ್ಲ ಮೇಲೆ. 1859ರಿಂದ ಅಲ್ಲಿ ಹೀಗೇ ದಾಟುತ್ತಿದ್ದಾರೆ. ಸಾಗರದವರಿಗೆ ಹೇಳಬೇಕೇ, ಸಿಗಂದೂರು ಲಾಂಚ್! ಅತ್ತೆ ಹತ್ತಿದ ಕೂಡಲೇ ಚೌಡಮ್ಮನಿಗೆ ಕೈಮುಗಿದರು. ಮಾವ ವಾರದಲ್ಲಿ ನಾಲ್ಕು ಸಲ ಹೋಗಿ ಬಂದರು, ಕೆಲಸವೇನೂ ಇಲ್ಲದೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆಯಿತಲ್ಲ, ಆ ಹೆಮ್ಮೆ ಬೇರೆ. ನಾಲ್ಕನೇ ಸಲ ದಾಟುವಾಗ ಪಕ್ಕದಲ್ಲಿದ್ದವರ ಕಡೆ ತಿರುಗಿ ಇಂಗ್ಲಿಷಿನಲ್ಲೇ ಹೇಳಿದರು: "ನಮ್ಮೂರಲ್ಲಿ ಸೇತುವೆ ಆಯಿತು. ನಿಮ್ಮದು ಯಾವಾಗ?"

ಮಗಳು ಎರಡು ದಿನ ಹಾಯಿದೋಣಿ ಕಲಿತಳು. ಮಕ್ಕಳ ಪುಟ್ಟ ದೋಣಿ, ಲೈಫ್ ಜಾಕೆಟ್, ಒದ್ದೆಯಾಗುವ ರಬ್ಬರ್ ಅಂಗಿ ಎಲ್ಲ ಅವರೇ ಕೊಟ್ಟರು. ಮೊದಲ ಗಂಟೆಯಲ್ಲೇ ಬೇಕೆಂದೇ ದೋಣಿ ಮಗುಚಿಸಿ, ಎತ್ತಿ ನಿಲ್ಲಿಸುವುದನ್ನು ಕಲಿಸುತ್ತಾರೆ. ಅದು ಪಾಠ ಅಂತ ಗೊತ್ತಿಲ್ಲದೆ ಅತ್ತೆ ದಡದಲ್ಲಿ ಕೂಗಿದ ಕೂಗಿಗೆ ಪಾಠ ಹೇಳುವ ಹುಡುಗ ತಿರುಗಿ ನೋಡಿದ. ಮಗನಿಗೆ ಮರಳು ಬೇಕೆಂದು ಒಂದು ದಿನ ರೈಡ್‌ಗೆ ಹೋದೆವು. ಪಾಪಣ್ಣ ಗೆದ್ದಿರಿ. ಬೆಳ್ಳುಳ್ಳಿ ತೋಟಕ್ಕೂ ಹೋದೆವು. ಮಗ ಐಸ್‌ಕ್ರೀಂ ತಿಂದ. ಮಾವ ಎರಡು ಬೆಂಚು ಆಚೆ ಕೂತರು.

ಅಡುಗೆ ಸುಸೂತ್ರ. ಅಲಾರಂ ಒಂದೇ ಸಲ ಕೂಗಿತು, ಅದೂ ನಮ್ಮವರು ಬ್ರೆಡ್ ಸುಟ್ಟಾಗ. ಆರಟನ್ ಟೊಮೆಟೊ ತಂದು ಅತ್ತೆ ಸಾರು ಮಾಡಿದರು. ತುಂಬಾ ಸಿಹಿ, ಹುಳಿಯೇ ಇಲ್ಲ, ಕೊನೆಗೆ ಹುಣಸೆ ಕಿವುಚಲೇಬೇಕಾಯಿತು. "ಸಾರಿಗಲ್ಲ, ಹಾಗೇ ತಿನ್ನಲು ಸರಿ" ಅಂತ ತೀರ್ಪು. ಬುಟ್ಟಿ ಖಾಲಿಯಾದದ್ದು ಹಾಗೆ ತಿಂದೇ.

ಕಿತ್ತಳೆಯವರೇ, ಗೌರಮ್ಮನನ್ನು ನೋಡಿದೆವು. ಮೊದಲ ದಿನವೇ, ಕೀಲಿ ಸಿಗುವ ಮುಂಚೆ. ನಾನು ಮಕ್ಕಳ ಹಿಂದೆ ಓಡುತ್ತಿದ್ದೆ, ಪತ್ತೆ ಮಾಡಿದವರು ಅತ್ತೆ. ಬಹಳ ಹೊತ್ತು ಮುಖ ನೋಡಿದರು. ಕೊಡವ ಬಾರದು, ಅವರಿಗೆ ಬರುವ ಕನ್ನಡದಲ್ಲೇ "ಊಟ ಆಯ್ತನೇ ಕೂಸೆ?" ಅಂದರು. ಪಕ್ಕದಲ್ಲಿ ಕಾವಲಿನ ಹೆಂಗಸು ನಿಂತಿದ್ದರು, ಏನು ಅಂತ ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಏನೂ ಅನ್ನಲಿಲ್ಲ, ನಾವು ಹೊರಡುವವರೆಗೆ ಆ ಕಡೆ ಬರುತ್ತಿದ್ದವರನ್ನು ಸ್ವಲ್ಪ ತಡೆದು ನಿಲ್ಲಿಸಿದರು.

ಕೊಡಗಿನ ಕಿತ್ತಳೆ · ಆಗಸ್ಟ್ 19

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಬೇರೆ ಏನೂ ಬರೆಯಲಾಗುತ್ತಿಲ್ಲ.

ಹೊನ್ನಾವರದ ಹಾಯಿ · ಆಗಸ್ಟ್ 20

ಮಗಳು ಮುಂದಿನ ಹಂತ ಕಲಿಯಲಿ ಮೇಡಂ, ಬಿಡಿಸಬೇಡಿ. ಮಾವನವರಿಗೆ ಹೇಳಿ: ಆ ಸೇತುವೆಯ ಪ್ರಶ್ನೆ ಕೌಸ್‌ನವರು ತಾವೇ ಬಹಳ ವರ್ಷದಿಂದ ಕೇಳಿಕೊಳ್ಳುತ್ತಿದ್ದಾರೆ.

ಮುಂದಿನ ತಿಂಗಳು ಲಂಡನ್ · ಆಗಸ್ಟ್ 20

ನಾನೀಗ ಲಂಡನ್ನಿಗೆ ಬಂದಾಗಿದೆ. ಅಪ್ಪ ಅಮ್ಮ ಅಕ್ಟೋಬರ್‌ಗೆ ಬರುತ್ತಾರೆ. ಅಕ್ಕ, ಆ ಇಂಡಕ್ಷನ್ ಕುಕ್ಕರ್ ಎಷ್ಟು ಲೀಟರಿನದು? ಐದು ಜನಕ್ಕೆ ಮೂರು ಸಾಕಾ?

ಒಗ್ಗರಣೆ ಡಬ್ಬಿ · ಆಗಸ್ಟ್ 20

ಐದು ಲೀಟರ್ ತಗೋಳಿ. ಗ್ಯಾಸ್ಕೆಟ್ ಎರಡು ಇಟ್ಟುಕೊಳ್ಳಿ.